ಪುರಸಭೆಗೆ ಒಪ್ಪಿಸಬೇಕಾದ ವಸ್ತು

ಕಮಿನೊಸಾವಾ
ಮೇ ೧೪

ಸೆತ್ಸುಕೊ ಅಕ್ಕನಿಗೆ,

ಬೆಟ್ಟದ ಹಿಮ ಕರಗಿ, ಸೇಬಿನ ಹೂ ಉದುರಿ, ಸಕಲ ಜೀವರಾಶಿಯೂ ಕಿವಿಗೊಟ್ಟು ನಿಂತಿರುವ ಈ ಶುಭಗಳಿಗೆಯಲ್ಲಿ ಪ್ರಕಟಿಸುವುದೇನೆಂದರೆ: ನಿನ್ನ ಖಾಸಾ ತಮ್ಮನೂ, ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನೂ, ಹೆಂಡತಿ ತೀರಿಕೊಂಡ ಮೇಲೆ ಮಿಸೊ ಸಾರೊಂದನ್ನು ಬಿಟ್ಟು ಬೇರೇನನ್ನೂ ಬೇಯಿಸಲು ಕಲಿಯದವನೂ ಆದ ಒಸಾಮು ಎಂಬ ನಾನು, ನಮ್ಮ ಕೇರಿಯ ಆರೋಗ್ಯ ಸೇವಕನಾಗಿ ಅಧಿಕಾರ ವಹಿಸಿಕೊಂಡಿದ್ದೇನೆ. ಕಿರೀಟದ ಬದಲು ಹಸಿರು ಏಪ್ರನ್ ಕೊಟ್ಟಿದ್ದಾರೆ. ಎದೆಯ ಮೇಲೆ ನಗುವ ಸೇಬಿನ ಚಿತ್ರವಿದೆ.

ಈ ಹುದ್ದೆ ಮನೆಯಿಂದ ಮನೆಗೆ ಸರದಿಯ ಮೇಲೆ ಬರುತ್ತದೆ, ನಿನಗೆ ಗೊತ್ತು. ಇಲ್ಲಿಯತನಕ ಹೆಂಗಸರೇ ಮಾಡಿಕೊಂಡು ಬಂದದ್ದು. ನಮ್ಮ ಮನೆಯಲ್ಲಿ ಈಗ ಹೆಂಗಸಿಲ್ಲ ಎಂಬುದು ಸರದಿಗೆ ತಿಳಿಯಲಿಲ್ಲ. ಫೋನಿನಲ್ಲೇ ಹೇಳುತ್ತಿದ್ದೆ, ಆದರೆ ನಿನ್ನ ಕಿವಿ ಮಂದವಾದ ಮೇಲೆ ಈ ವಿಷಯವನ್ನು ಕಿರುಚಿ ಹೇಳಿದರೆ ನಿನ್ನ ಕಡಲೂರು, ನನ್ನ ಬೆಟ್ಟದೂರು ಎರಡೂ ಕೇಳಿಸಿಕೊಳ್ಳುತ್ತವೆ. ಯಾಕೆಂದರೆ ನನ್ನ ಅಧಿಕಾರದ ವ್ಯಾಪ್ತಿ ಇಷ್ಟೇ: ಮನೆಮನೆಗೂ ಹೋಗಿ ಒಂದೊಂದು ಲಕೋಟೆ ಕೊಡುವುದು. ಒಳಗೆ ಎರಡು ಪುಟ್ಟ ನಳಿಕೆ. ಕರುಳಿನ ಪರೀಕ್ಷೆಗೆಂದು ಎರಡು ದಿನ ಬೆಳಗ್ಗೆ, ದಿನಕ್ಕೊಂದು ನಳಿಕೆಯಂತೆ, ಜನ ತಮ್ಮ ಮಲದ ಚೂರೊಂದನ್ನು ತುಂಬಿಡುತ್ತಾರೆ. ಗೊತ್ತಾದ ದಿನ ನಾನು ಹೋಗಿ, ತಲೆಬಾಗಿ, ಅದನ್ನು ಪಡೆದು ಪುರಸಭೆಗೆ ಒಪ್ಪಿಸಬೇಕು. ಥೂ!

ನಮಗೆ ತರಬೇತಿಯೂ ಆಯಿತು. ಪುರಸಭೆಯ ದಾದಿ ಕೊಮಾಕಿ ಎಂಬ ಹುಡುಗಿ, ನನ್ನ ಮೊಮ್ಮಗಳ ವಯಸ್ಸಿನವಳು, ಕಂದು ಬಣ್ಣದ ರಬ್ಬರ್ ಮಾದರಿಯೊಂದನ್ನು ಮೇಜಿನ ಮೇಲಿಟ್ಟಳು. ಪಕ್ಕದ ತಟ್ಟೆಯಲ್ಲಿ ನಮಗೆಂದು ಕೆಂಪುಕಾಳಿನ ಹೂರಣ ತುಂಬಿದ ಬನ್ನುಗಳಿದ್ದವು.

‘ಮೇಲ್ಮೇಲೆ ಉಜ್ಜಿ ತೆಗೀಬೇಕು ಒಸಾಮು-ಸಾನ್. ಅಗೀಬಾರ್ದು,’ ಅಂದಳು.

‘ಬನ್ನನ್ನಾ?’ ಅಂದೆ.

ಯಾರೂ ನಗಲಿಲ್ಲ. ಬನ್ನನ್ನೂ ಯಾರೂ ಮುಟ್ಟಲಿಲ್ಲ.

ನಿನಗೂ ನಿನ್ನ ಊರಿನವರು ಲಕೋಟೆ ಕಳಿಸಿರಬೇಕು. ಕನೆಜಿ ಅಣ್ಣ ಅದನ್ನು ವರ್ಷವರ್ಷವೂ ತೆರೆಯದೆ ಒಲೆಗೆ ಹಾಕುತ್ತಿದ್ದ. ಕರುಳಿನಲ್ಲಿ ಗಡ್ಡೆಯಿದೆ ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಉಳಿದವರು ನಾವಿಬ್ಬರೇ. ನೀನು ಮಾಡಿ ಕೊಟ್ಟೆಯಾ?

ಸೇಬಿನ ಏಪ್ರನ್ ಧರಿಸಿರುವ,
ಒಸಾಮು


ಇಸೊಹಾಮಾ
ಜೂನ್ ೨

ಒಸಾಮು,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಒಡೆದದ್ದು ನನ್ನದೇ ತಪ್ಪು. ಮೀನು ಹಾಗೇ ಉಳಿಯಿತು.

ಲಕೋಟೆ ಬಂದಿದೆ. ಅದರ ಬೆನ್ನಿಗೆ ಜ್ಞಾಪನೆಯ ಕಾರ್ಡು, ಆ ಕಾರ್ಡಿನ ಬೆನ್ನಿಗೆ ಇನ್ನೊಂದು ಕಾರ್ಡು. ಒಂದರಲ್ಲಿ ಕರುಳಿಗೆ ಕಣ್ಣು, ಮೂಗು, ಕೆನ್ನೆಯ ಮೇಲೆ ಕೆಂಪು ಬರೆದು ‘ನನ್ನನ್ನು ಮರೆತಿರಾ?’ ಎಂದು ಕೇಳಿಸಿದ್ದಾರೆ. ಕರುಳು ಮಾತಾಡುವ ಕಾಲ ಬಂತಲ್ಲ, ಅಸಹ್ಯ. ಕಾರ್ಡು ದಪ್ಪಗಿದೆ. ಕ್ಷೌರದ ಕತ್ತಿಯ ನೊರೆ ಒರೆಸಲು ಹೇಳಿ ಮಾಡಿಸಿದಂತಿದೆ. ಹಾಗೇ ಬಳಸುತ್ತಿದ್ದೇನೆ.

ನನ್ನ ಈ ಕ್ಷೌರದಂಗಡಿಯಲ್ಲಿ ಕೂತವರ ತಲೆಹೊಟ್ಟು, ಕಿವಿಯ ಗುಗ್ಗೆ, ಮೂಗಿನ ಕೂದಲು ಎಲ್ಲ ನೋಡಿದ್ದೇನೆ. ಅವು ಬೇರೆಯವರವು. ನನ್ನದನ್ನು ಕಡ್ಡಿಯಲ್ಲಿ ಕೆದಕಿ, ಹೆಸರು ಬರೆದು, ಪುರಸಭೆಯ ಆ ಬೋಳುತಲೆಯವನ ಕೈಗೆ ಕೊಟ್ಟು ‘ದಯವಿಟ್ಟು ಸ್ವೀಕರಿಸಿ’ ಎನ್ನಲೇ? ಅವನು ಪ್ರತಿ ತಿಂಗಳೂ ನನ್ನ ಕುರ್ಚಿಯಲ್ಲಿ ಕೂರುವವನು. ಆಮೇಲೆ ಅವನ ಗಡ್ಡಕ್ಕೆ ಕತ್ತಿ ಹಿಡಿದಾಗ ನಾನು ಯಾವ ಕಡೆ ನೋಡಲಿ?

ನನಗೆ ಏನೂ ಆಗಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಅದು ವಯಸ್ಸು. ಆಗಾಗ ಕೆಂಪು ಕಾಣಿಸುತ್ತದೆ, ಅದು ಮೂಲವ್ಯಾಧಿ, ಮಗ ಕೋಜಿ ಹುಟ್ಟಿದಾಗಿನಿಂದ ಇದ್ದದ್ದು. ಅದರ ಮಾತು ಬೇಡ.

ಹೂರಣದ ಬನ್ನು ತಿನ್ನುವುದನ್ನು ಇವತ್ತಿನಿಂದ ಬಿಟ್ಟೆ. ನಿನ್ನ ಉಪಕಾರ.

ಅಕ್ಕ


ಕಮಿನೊಸಾವಾ
ಜುಲೈ ೯

ಅಕ್ಕಾ,

ಮಾತು ಬೇಡ ಎಂದೆ. ಆದರೆ ಹೆಸರು ಹೇಳದೆ ಕೊಮಾಕಿಯನ್ನು ಕೇಳಿಬಿಟ್ಟೆ. ಅವಳು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ‘ಕಣ್ಣಿಗೇ ರಕ್ತ ಕಾಣ್ತಿದ್ರೆ ನಳಿಕೆಗಿಳಿಕೆಗೆ ಕಾಯ್ಬಾರ್ದು. ಅದು ಏನೂ ಕಾಣದೋರಿಗೆ. ಅವ್ರು ನೇರ ಡಾಕ್ಟರ್ ಹತ್ರ ಹೋಗ್ಬೇಕು. ಮೂಲವ್ಯಾಧಿ ಅಂತ ಅವ್ರೇ ತೀರ್ಮಾನ ಮಾಡೋದಲ್ಲ,’ ಅಂದಳು. ಇಷ್ಟು ಹೇಳಿದೆ, ಇನ್ನು ನಿನಗೆ ಬಿಟ್ಟದ್ದು. ಹೋಗು ಅಕ್ಕಾ.

ಈಗ ನನ್ನ ಮಾನ ಹೋದ ಕಥೆ ಕೇಳು.

ಮೊನ್ನೆ ನಳಿಕೆ ಒಟ್ಟುಮಾಡುವ ದಿನ. ಕೇರಿಯವರು ಕೊಟ್ಟದ್ದನ್ನೆಲ್ಲ ಹೆಗಲಿನ ತಣ್ಣನೆ ಪೆಟ್ಟಿಗೆಯಲ್ಲಿ ಹಾಕುತ್ತ ಬಂದೆ. ಯಾರೂ ಬರಿಗೈಯಲ್ಲಿ ಕೊಡುವುದಿಲ್ಲ. ಒಬ್ಬರು ರೇಷ್ಮೆ ವಸ್ತ್ರದಲ್ಲಿ ಸುತ್ತಿದ್ದರು, ಇನ್ನೊಬ್ಬರು ಚಹಾ ಅಂಗಡಿಯ ಪೊಟ್ಟಣದಲ್ಲಿಟ್ಟಿದ್ದರು. ವಸ್ತು ಕೀಳಾದಷ್ಟೂ ಹೊದಿಕೆ ಮೇಲಾಗಬೇಕು, ಅದು ನಮ್ಮ ಸಂಸ್ಕಾರ. ನನ್ನದೂ ಇತ್ತು. ಈ ವರ್ಷ ಮೊದಲ ಬಾರಿಗೆ ಮಾಡಿದ್ದೆ. ಏಪ್ರನ್ ತೊಟ್ಟವನು ಮಾಡದಿದ್ದರೆ ಹೇಗೆ? ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಹಿಂದಿಟ್ಟಿದ್ದೆ. ಹೊರಡುವಾಗ ಕೈಗೆ ಸಿಕ್ಕಿದ ಚೀಲಕ್ಕೆ ಹಾಕಿಕೊಂಡೆ. ಸಿಕ್ಕಿದ್ದು ಪೇಟೆಯ ಹೆಸರಾಂತ ಸಿಹಿಯಂಗಡಿಯ ಚೀಲ. ಚಿನ್ನದ ದಾರದ ಹಿಡಿಕೆ.

ಕೊನೆಯ ಮನೆ ತಮಾಯೆ-ಸಾನ್‌ದು. ಹೋದ ವರ್ಷ ಗಂಡನನ್ನು ಕಳೆದುಕೊಂಡವರು. ಬಾಗಿಲು ತೆರೆದರು, ನನ್ನ ಮುಖಕ್ಕಿಂತ ಮೊದಲು ಚೀಲ ನೋಡಿದರು, ಎರಡೂ ಕೈ ಚಾಚಿದರು.

‘ಅಯ್ಯೋ ಒಸಾಮು-ಸಾನ್! ಇದೆಲ್ಲ ಯಾಕೆ ತರೋಕೆ ಹೋದ್ರಿ?’

‘ಇಲ್ಲ ಇಲ್ಲ. ಇದು ನಿಮಗೆ ಕೊಡೋ ಅಂಥದ್ದಲ್ಲ. ತೀರಾ ಕೀಳು ವಸ್ತು.’

ಅಕ್ಕಾ, ನಮ್ಮ ಊರಿನಲ್ಲಿ ಕಾಣಿಕೆ ಕೊಡುವವರು ಇದನ್ನಲ್ಲದೆ ಬೇರೇನು ಹೇಳುತ್ತಾರೆ? ‘ಏನೂ ಇಲ್ಲ, ಅಲ್ಪವಾದದ್ದು’ ಎಂದು ತಾನೆ? ಆಕೆ ಇನ್ನೂ ಆಳವಾಗಿ ತಲೆಬಾಗಿ ಚೀಲವನ್ನು ಕೈಗೆ ತೆಗೆದುಕೊಂಡರು.

‘ಹಾಗನ್ಬೇಡಿ. ನಿಮ್ಮ ಮನಸ್ಸು ದೊಡ್ಡದು.’

‘ಸತ್ಯವಾಗ್ಲೂ ಹೇಳ್ತಿದೀನಿ, ನಾಚಿಕೆಗೇಡು ವಸ್ತು. ಮನೆಯೊಳಗೆ ತಗೊಂಡು ಹೋಗೋ ಹಾಗೇ ಇಲ್ಲ.’

‘ಎಷ್ಟು ವಿನಯ! ಹಗುರಾಗಿದೆಯಲ್ಲ... ಮನೇಲೇ ಮಾಡಿದ್ದಾ?’

ಸುಳ್ಳು ಹೇಳಿ ಅಭ್ಯಾಸವಿಲ್ಲ. ‘ಹೂಂ, ಮನೇಲೇ,’ ಅಂದೆ.

ಆಕೆಯ ಕಣ್ಣು ಒದ್ದೆಯಾಯಿತು. ಚೀಲವನ್ನು ಎದೆಗೊತ್ತಿಕೊಂಡು ಒಳಗೆ ಹೋದರು. ನಾನು ಚಪ್ಪಲಿ ಕಳಚಿ ಹಿಂದೆಯೇ ಓಡಿದೆ. ಬಂದ ಸಿಹಿಯೆಲ್ಲ ಮೊದಲು ಮನೆಯ ತೀರಿಹೋದ ಹಿರಿಯರಿಗೆ ಮುಟ್ಟಬೇಕಲ್ಲ? ಗೋಡೆಯ ಪೂಜೆಯ ಗೂಡಿನಲ್ಲಿ ಗಂಡನ ಪಟದ ಮುಂದೆ ಇಟ್ಟೇಬಿಟ್ಟರು. ಊದುಬತ್ತಿ ಹಚ್ಚಿ, ಪುಟ್ಟ ಗಂಟೆ ಬಾರಿಸಿ, ‘ರೀ, ಒಸಾಮು-ಸಾನ್ ಸ್ವತಃ ಮಾಡಿ ತಂದಿದಾರೆ,’ ಎಂದರು. ಆ ಗಂಟೆಯ ನಾದ ಅಡಗುವತನಕ ಮಾತಾಡಬಾರದು. ಅದು ಅಡಗುವಷ್ಟರಲ್ಲಿ ನನ್ನ ಧೈರ್ಯವೂ ಅಡಗಿತು. ಅವರ ಪಕ್ಕದಲ್ಲಿ ಮೊಣಕಾಲೂರಿ, ಕೈಜೋಡಿಸಿ, ನನ್ನ ಮಲಕ್ಕೆ ನಾನೇ ನಮಸ್ಕಾರ ಮಾಡಿ ಬಂದೆ.

ಇಡೀ ಕೇರಿಯದು ಪುರಸಭೆಗೆ ತಲುಪಿತು. ಸೇವಕನದು ಮಾತ್ರ ಸ್ವರ್ಗಸ್ಥರ ಸನ್ನಿಧಿಯಲ್ಲಿದೆ. ಸೆಕೆ ಬೇರೆ ಹೆಚ್ಚುತ್ತಿದೆ.

ಕಂಗಾಲಾದ,
ಒಸಾಮು


ಇಸೊಹಾಮಾ
ಜುಲೈ ೧೫ (ಕಾರ್ಡಿನ ಮೇಲೆ)

ಹೊಲಸಾ! ಅಂಗಡಿಯಲ್ಲಿ ಓದಿ ಬಿದ್ದು ಬಿದ್ದು ನಕ್ಕೆ. ಕುರ್ಚಿಯಲ್ಲಿದ್ದ ಅಂಚೆಯವನ ಕಿವಿ ಉಳಿದದ್ದು ಅವನ ಪುಣ್ಯ. ಆಮೇಲೆ ಕೈ ತೊಳೆದುಕೊಂಡೆ, ಬರೀ ಕಾಗದ ಮುಟ್ಟಿದ್ದಕ್ಕೆ. ತಮಾಯೆ-ಸಾನ್ ಏನಂದರು? ತಕ್ಷಣ ಬರೆ. ಡಾಕ್ಟರ ವಿಷಯ ಬರೆಯಬೇಡ.

ಅಕ್ಕ


ಕಮಿನೊಸಾವಾ
ಆಗಸ್ಟ್ ೨೦

ಅಕ್ಕಾ,

ತಮಾಯೆ-ಸಾನ್ ಬಂದರು. ಚೀಲ ಹಿಡಿದುಕೊಂಡೇ ಬಂದರು, ಮೈಯಿಂದ ಆದಷ್ಟು ದೂರಕ್ಕೆ, ಸತ್ತ ಇಲಿಯ ಬಾಲ ಹಿಡಿದಂತೆ.

‘ಸಿಹಿ ಕೆಟ್ಟೀತು ಅಂತ ತೆಗೆದು ನೋಡ್ದೆ,’ ಅಂದರು.

‘ಮುಚ್ಚಳ ತೆಗೀಲಿಲ್ಲ ತಾನೆ?’

‘ತೆಗೆದೆ. ಕಡ್ಡಿ ಇತ್ತಲ್ಲ, ಯಾವ್ದೋ ಹೊಸ ಥರದ ಪಾಕ ಅಂದ್ಕೊಂಡೆ.’

‘ಆಮೇಲೆ?’

‘ಆಮೇಲೆ ಮೇಲಿನ ಚೀಟಿ ಓದ್ದೆ.’

ಮಧ್ಯೆ ಏನಾಯಿತು ಎಂದು ಕೇಳುವ ಎದೆ ನನಗಿರಲಿಲ್ಲ. ಪೂಜೆಯ ಗೂಡನ್ನು ಪೂರ್ತಿ ಬಿಚ್ಚಿ ಅಕ್ಕಿಯ ಮದ್ಯ ಸಾಕೆಯಲ್ಲಿ ತೊಳೆದರಂತೆ. ಗುರುಗಳನ್ನು ಕರೆಸಿ ಮಂತ್ರ ಹೇಳಿಸಿದರಂತೆ. ಯಾಕೆ ಎಂದು ಅವರು ಕೇಳಿದ್ದಕ್ಕೆ ‘ಇಲಿ’ ಅಂದರಂತೆ. ಹೊರಡುವಾಗ ತಿರುಗಿ ನಿಂತು, ‘ನಮ್ಮನೆಯವ್ರು ಬದುಕಿದ್ದಾಗ್ಲೂ ನಿಮ್ಮನ್ನ ಅಷ್ಟಾಗಿ ಹಚ್ಕೊಂಡಿರ್ಲಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು,’ ಅಂದರು.

ಚೀಲದಲ್ಲಿ ನನ್ನ ನಳಿಕೆಯ ಪಕ್ಕದಲ್ಲೇ ಅವರು ಹಾಕಿದ ಬದನೆಕಾಯಿ ಉಪ್ಪಿನಕಾಯಿ ಇತ್ತು. ತಂದುಕೊಟ್ಟ ಚೀಲವನ್ನು ಖಾಲಿ ಹಿಂದಿರುಗಿಸಬಾರದಲ್ಲ! ಕೋಪ ಕೋಪದ ಪಾಡಿಗೆ, ಪದ್ಧತಿ ಪದ್ಧತಿಯ ಪಾಡಿಗೆ. ಆ ಬದನೆಯನ್ನು ನಾನು ತಿನ್ನಲಿಲ್ಲ. ಎಸೆಯಲೂ ಇಲ್ಲ. ಅದು ಇನ್ನೂ ಫ್ರಿಜ್ಜಿನಲ್ಲಿ ಕೂತು ನನ್ನನ್ನು ನೋಡುತ್ತಿದೆ.

ಅತ್ತ ಪುರಸಭೆಯ ಧ್ವನಿವರ್ಧಕ ಬೆಳಗಾದರೆ ಬೆಟ್ಟಕ್ಕೆಲ್ಲ ಕೇಳುವಂತೆ ಸಾರುತ್ತಿತ್ತು: ‘ಇನ್ನೂ ಒಪ್ಪಿಸದವರು ದಯವಿಟ್ಟು ಒಪ್ಪಿಸಿ.’ ನಮ್ಮ ಕೇರಿಯಲ್ಲಿ ಒಪ್ಪಿಸದವನು ಒಬ್ಬನೇ, ಅವನು ಏಪ್ರನ್ ತೊಟ್ಟವನೇ ಎಂದು ಎಲ್ಲರಿಗೂ ಗೊತ್ತಾಯಿತು. ಎರಡನೆಯ ಸಲ ಮಾಡಿದೆ. ಮತ್ತೆ ಕಕ್ಕಸಿನಲ್ಲಿ ಆ ಕಾಗದ ಹಾಸುವುದು, ಮತ್ತೆ ಆ ಕಡ್ಡಿ, ಮತ್ತೆ ಓಕರಿಕೆ. ಫಲಿತಾಂಶ ಬಂತು. ನನ್ನಲ್ಲಿ ದೋಷವೇನೂ ಇಲ್ಲ.

ಈಗ ನಿನ್ನ ಸರದಿ ಅಕ್ಕಾ. ಬೈಯುವುದಿದ್ದರೆ ಬೈ. ರಕ್ತ ನಿಂತಿದೆಯಾ? ಅದೊಂದನ್ನು ಬರೆ.

ನಿರ್ದೋಷಿಯೆಂದು ಸಾಬೀತಾದ,
ಒಸಾಮು


ಇಸೊಹಾಮಾ
ಸೆಪ್ಟೆಂಬರ್ ೨೮

ಒಸಾಮು,

ನಿನಗೆ ಎಲ್ಲವೂ ತಮಾಷೆ.

ಕನೆಜಿ ಅಣ್ಣನ ಕೊನೆಯ ಚಳಿಗಾಲ ಪೂರ್ತಿ ಬೆಡ್‌ಪ್ಯಾನ್ ಹಿಡಿದವಳು ನಾನು. ನೀನು ಭಾನುವಾರ ಬರುತ್ತಿದ್ದೆ, ಕರಬೂಜದ ಹಣ್ಣು ತರುತ್ತಿದ್ದೆ, ‘ಸ್ವಲ್ಪ ಗಾಳಿ ಬರಲಿ’ ಎಂದು ಕಿಟಕಿ ತೆರೆಯುತ್ತಿದ್ದೆ, ಬಸ್ಸಿನ ಹೊತ್ತಾಯಿತೆಂದು ಹೋಗುತ್ತಿದ್ದೆ. ಗಾಳಿ ಯಾಕೆ ಬೇಕಾಗಿತ್ತು ಎಂದು ಅವನಿಗೂ ತಿಳಿಯುತ್ತಿತ್ತು.

ಆ ವಾಸನೆಗೆ ನಾನು ಹೇಸಲಿಲ್ಲ. ಮೂಗು ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಆದರೆ ಪ್ರತಿ ಸಲ ಒರೆಸುವಾಗಲೂ ಅವನು ಗೋಡೆಯ ಕಡೆ ಮುಖ ತಿರುಗಿಸಿ ‘ಕ್ಷಮಿಸು’ ಎನ್ನುತ್ತಿದ್ದ. ನಮ್ಮನ್ನು ಹೊಡೆದು ಬೆಳೆಸಿದವನು, ಅಪ್ಪನಿಗೂ ತಲೆಬಾಗದವನು, ಒಂದು ಹಿಡಿ ಎಲುಬಾಗಿ ಬಿದ್ದುಕೊಂಡು, ತಂಗಿಗೆ, ತನ್ನ ಅಂಡಿನ ವಿಷಯದಲ್ಲಿ ಕ್ಷಮೆ ಕೇಳುತ್ತಿದ್ದ. ನಾನು ಹೇಸಿದ್ದು ಆ ಮಾತಿಗೆ. ಈಗಲೂ ಯಾರಾದರೂ ಅಂಗಡಿಯಲ್ಲಿ ಕಾಲು ತಗುಲಿಸಿ ‘ಕ್ಷಮಿಸಿ’ ಎಂದರೆ ಬಾಯಿಗೆ ಹುಳಿನೀರು ಬರುತ್ತದೆ.

ಡಾಕ್ಟರ ಹತ್ತಿರ ಹೋದರೆ ಮುಂದಿನದು ನನಗೆ ಗೊತ್ತು. ಇವತ್ತು ಬೆರಳು, ನಾಳೆ ಕೊಳವೆ, ನಾಳಿದ್ದು ಹಾಸಿಗೆ. ಗೋಡೆಯ ಕಡೆ ತಿರುಗಿ ಸೊಸೆಗೆ ನಾನು ಆ ಮಾತು ಹೇಳಲಾರೆ. ಕೋಜಿಗೂ ಹೇಳಲಾರೆ. ನಿನಗಂತೂ ಇಲ್ಲವೇ ಇಲ್ಲ, ನೀನು ಕಿಟಕಿ ತೆರೆಯುತ್ತೀಯ.

ರಕ್ತ ನಿಂತಿಲ್ಲ. ಕೇಳಿದೆ, ಹೇಳಿದ್ದೇನೆ. ಇನ್ನು ಬರೆಯಬೇಡ.

ಸೆತ್ಸುಕೊ


ಕಮಿನೊಸಾವಾ
ಅಕ್ಟೋಬರ್ ೨೫

ಸೆತ್ಸುಕೊ ಅಕ್ಕನಿಗೆ,

ಬರೆಯಬೇಡ ಎಂದು ನೀನು ಹೇಳಿದ್ದು ತಮ್ಮನಿಗೆ. ಇದನ್ನು ಬರೆಯುತ್ತಿರುವುದು ಕೇರಿಯ ಆರೋಗ್ಯ ಸೇವಕ. ಸರ್ಕಾರಿ ಪತ್ರವೆಂದು ತಿಳಿದು ಓದು.

ಪುರಸಭೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಕಲಿಸುವ ತರಗತಿ ನಡೆಯುತ್ತಿದೆ. ಸೇವಕರು ಬಂದರೆ ಬಂದರು, ಬಾರದಿದ್ದರೆ ಇಲ್ಲ. ನಾನು ಹೆಸರು ಕೊಟ್ಟೆ. ಹದಿಹರೆಯದಿಂದ ಮುದುಕಿಯರ ತನಕ ಎಲ್ಲ ಹೆಂಗಸರೇ. ನಡುವೆ ಸೇಬಿನ ಚಿತ್ರ ತೊಟ್ಟ ಗಂಡಸೊಬ್ಬ. ಮಂಚದ ಮೇಲೆ ಒಬ್ಬ ರಬ್ಬರ್ ಮನುಷ್ಯ. ಸಹಜವಾಗಿ ಕಾಣಲಿ ಎಂದು ಅವನಿಗೆ ಎಲ್ಲಿ ಮೆತ್ತಬೇಕೋ ಅಲ್ಲಿ ಸಾರಿಗೆ ಹಾಕುವ ಕಂದು ಮಿಸೊ ಹಿಟ್ಟನ್ನು ಮೆತ್ತಿದ್ದರು. ಬೆಚ್ಚಗೆ ಮಾಡಿ ಮೆತ್ತಿದ್ದರು. ಇಷ್ಟು ಕೂಲಂಕಷವಾಗಿ ಯೋಚಿಸುವ ಜನ ಊರಿನ ರಸ್ತೆ ಯಾಕೆ ರಿಪೇರಿ ಮಾಡುವುದಿಲ್ಲವೋ ತಿಳಿಯದು.

ಮೊದಲ ದಿನ ಅವನನ್ನು ಮಗ್ಗುಲಿಗೆ ಹೊರಳಿಸಿದೆ, ನೋಡಿದೆ, ಅಂಗಳಕ್ಕೆ ಓಡಿದೆ. ಬೆಳಗ್ಗೆ ತಿಂದದ್ದೆಲ್ಲ ಪುರಸಭೆಯ ಗುಲಾಬಿ ಗಿಡಕ್ಕೆ ಗೊಬ್ಬರವಾಯಿತು.

ಎರಡನೆಯ ದಿನ ಕೊಮಾಕಿ ಪಕ್ಕದಲ್ಲಿ ನಿಂತಳು. ‘ಬಾಯಲ್ಲಿ ಉಸಿರಾಡಿ ಒಸಾಮು-ಸಾನ್. ಕೈ ಎಷ್ಟು ನಡುಗಿದ್ರೂ ಪರ್ವಾಗಿಲ್ಲ, ಮುಖ ಮಾತ್ರ ಮಾಮೂಲಿನಂತಿರ್ಲಿ.’

‘ಇವನು ರಬ್ಬರು ಕಣಮ್ಮ. ಇವನಿಗೇನು ಕಾಣುತ್ತೆ?’

‘ಅದಕ್ಕೇ ಇವನ ಹತ್ರ ಕಲೀರಿ.’

ಮುಖವನ್ನು ಮಾಮೂಲಿನಂತಿಡಲು ಏನಾದರೂ ಮಾತಾಡಬೇಕಲ್ಲ? ಬಸ್ಸಿನಲ್ಲಿ ಕೂಗುತ್ತಿದ್ದುದನ್ನೇ ಶುರುಮಾಡಿದೆ. ‘ಮುಂದಿನ ನಿಲ್ದಾಣ ಹಳೇ ಸೇತುವೆ. ಇಳಿಯೋರು ಗುಂಡಿ ಒತ್ತಿ. ತಿರುವಿದೆ, ಗಟ್ಟಿಯಾಗಿ ಹಿಡ್ಕೊಳ್ಳಿ.’ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಒರೆಸಿದೆ, ತೊಳೆದೆ, ಪುಡಿ ಹಾಕಿದೆ, ಮಗ್ಗುಲು ಬದಲಿಸಿದೆ. ಕೊನೆಯ ನಿಲ್ದಾಣದ ಹೊತ್ತಿಗೆ ಅವನು ಹಸುಗೂಸಿನಂತೆ ಶುಭ್ರನಾಗಿದ್ದ. ಹೇಸಿಗೆ ಹೋಯಿತು ಎಂದು ಸುಳ್ಳು ಹೇಳಲಾರೆ. ಹೋಗಿಲ್ಲ. ಹೇಸಿಕೊಂಡೇ ಮಾಡಿದೆ. ಅದರ ಫಲವಾಗಿ ನನಗೆ ಮಾಡಲು ಬರುತ್ತಿದ್ದ ಒಂದೇ ಒಂದು ಅಡುಗೆ ಕೈಬಿಟ್ಟಿತು. ಮಿಸೊ ಡಬ್ಬಿಯನ್ನು ತಮಾಯೆ-ಸಾನ್‌ಗೆ ಕೊಟ್ಟುಬಂದೆ. ಆಕೆ ಅದನ್ನು ಮೂಸಿ ನೋಡಿಯೇ ತೆಗೆದುಕೊಂಡರು.

ಕೊಮಾಕಿ ಹೇಳುವುದು, ಗಡ್ಡೆ ಬೇಗ ಸಿಕ್ಕಿದರೆ ಕೊಳವೆಯಲ್ಲೇ ತಂತಿ ಹಾಕಿ ಕತ್ತರಿಸಿ ತೆಗೆಯುತ್ತಾರಂತೆ. ಬೆಡ್‌ಪ್ಯಾನಿನ ಮಾತೇ ಏಳುವುದಿಲ್ಲವಂತೆ. ಎದ್ದರೆ ಏಳಲಿ. ಈ ಸೇವಕ ಇದ್ದಾನೆ. ಕಿಟಕಿ ಮುಚ್ಚಿಯೇ ಇರುತ್ತದೆ.

ಇಂತು,
ಆರೋಗ್ಯ ಸೇವಕ, ಮೂರನೇ ಕೇರಿ


ಇಸೊಹಾಮಾ
ನವೆಂಬರ್ ೧೯

ಒಸಾಮು,

ಹೋದೆ. ಯಾಕೆ ಎಂದು ಕೇಳಬೇಡ. ಅಂಗಡಿಗೆ ರಜೆ ಇತ್ತು, ಹೋದೆ.

ಡಾಕ್ಟರು ಎಳೆಯ ಹುಡುಗ. ಕೈಗವಸು ಹಾಕಿಕೊಂಡು ‘ಸ್ವಲ್ಪ ತಣ್ಣಗಿರುತ್ತೆ ಅಜ್ಜಿ’ ಎಂದ. ಅವನ ಕುತ್ತಿಗೆಯ ಹಿಂದಿನ ಕೂದಲನ್ನು ಯಾರೋ ಕುರಿ ಉಣ್ಣೆ ತೆಗೆದಂತೆ ಕತ್ತರಿಸಿದ್ದರು. ಅದನ್ನೇ ನೆನೆಯುತ್ತ ಹೊತ್ತು ಕಳೆದೆ. ಮೂಲವ್ಯಾಧಿ ಇದೆಯಂತೆ. ಆದರೆ ಇಷ್ಟು ರಕ್ತಕ್ಕೆ ಅದೊಂದೇ ಕಾರಣ ಅನ್ನಿಸುವುದಿಲ್ಲವಂತೆ. ಮೈಯಲ್ಲಿ ರಕ್ತ ತೀರಾ ಕಡಿಮೆಯಿದೆ, ಏದುಸಿರು ಅದರಿಂದಲೇ, ಒಳಗೆ ಕೊಳವೆ ಹಾಕಿ ನೋಡಲೇಬೇಕು ಎಂದ. ಮುಂದಿನ ಗುರುವಾರ ಮಧ್ಯಾಹ್ನ. ಏನು ಸಿಗುತ್ತದೋ ನೋಡದೆ ಏನೂ ಹೇಳುವುದಿಲ್ಲ ಎಂದ. ಅದು ನನಗೆ ಹಿಡಿಸಿತು.

ಆ ದಿನ ಬೆಳಗ್ಗೆ ಮನೆಯಲ್ಲೇ ಎರಡು ಲೀಟರ್ ಔಷಧದ ನೀರು ಕುಡಿಯಬೇಕಂತೆ. ದಾದಿ ರುಚಿ ನೋಡಲು ಒಂದು ಗುಟುಕು ಕೊಟ್ಟಳು. ಸಮುದ್ರದ ನೀರಿನಲ್ಲಿ ನಿಂಬೆಹಣ್ಣಿನ ಸೋಪು ಅದ್ದಿದಂತಿದೆ. ಕುಡಿದ ಮೇಲೆ ಹೊಟ್ಟೆಯಲ್ಲಿರುವುದೆಲ್ಲ ನೀರಾಗಿ ಹೋಗುವತನಕ ಕಕ್ಕಸಿನಲ್ಲೇ ವಾಸ. ಹೊರಬರುವುದು ಚಹಾದಷ್ಟು ತಿಳಿಯಾಗಬೇಕು, ಪ್ರತಿ ಸಲವೂ ನೋಡಿ ಖಚಿತ ಮಾಡಿಕೊಳ್ಳಬೇಕಂತೆ. ಹೋಲಿಸಿ ನೋಡಲು ಬಣ್ಣದ ಚಿತ್ರಗಳನ್ನು ಬೇರೆ ಕೊಟ್ಟಿದ್ದಾರೆ, ಬಟ್ಟೆ ಅಂಗಡಿಯಲ್ಲಿ ತುಂಡು ತೋರಿಸಿದಂತೆ. ಛೀ! ಚಹಾವನ್ನೂ ಬಿಡುವಂತಾಯಿತು.

ನಿದ್ದೆಯ ಮದ್ದು ಕೊಡುವುದರಿಂದ ಮನೆಗೆ ಕರೆದುಕೊಂಡು ಹೋಗಲು ಯಾರಾದರೂ ಇರಲೇಬೇಕಂತೆ. ‘ಯಾರಿದಾರೆ ಅಜ್ಜಿ, ಮಗನಾ?’ ಎಂದು ಕೇಳಿದಳು. ‘ಪುರಸಭೆಯೋರು ಬರ್ತಾರೆ,’ ಅಂದೆ.

ಬುಧವಾರ ಸಂಜೆಯ ರೈಲಿಗೆ ಬಂದುಬಿಡು. ರಾತ್ರಿಗೆ ನನಗೆ ಬಿಳಿ ಗಂಜಿ ಮಾತ್ರ, ನಿನ್ನ ಊಟ ನೀನು ನೋಡಿಕೋ. ಏಪ್ರನ್ ತೊಟ್ಟುಕೊಂಡು ಸ್ಟೇಷನ್ನಿನಲ್ಲಿ ಇಳಿದರೆ ಗುರುತಿಲ್ಲದವಳಂತೆ ಮುಂದೆ ನಡೆಯುತ್ತೇನೆ.

ಇನ್ನೊಂದು. ಹೋದ ವಾರ ಕಕ್ಕಸಿನಲ್ಲಿ ಕಣ್ಣು ಕತ್ತಲಿಟ್ಟು ಕೂತಲ್ಲೇ ಗೋಡೆಗೆ ಒರಗಿಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕವಿದೆ, ಹಾಕಿಕೊಂಡರೆ ಹೊರಗಿನವರು ಒಳಗೆ ಬರಲಾಗುವುದಿಲ್ಲ. ಅದರ ಸ್ಕ್ರೂ ತುಕ್ಕು ಹಿಡಿದಿದೆ, ನನ್ನ ಕೈಯಲ್ಲಿ ಬಿಚ್ಚಲಾಗಲಿಲ್ಲ. ಬರುವಾಗ ನಿನ್ನ ಸ್ಕ್ರೂಡ್ರೈವರ್ ತೆಗೆದುಕೊಂಡು ಬಾ. ಬಂದ ರಾತ್ರಿಯೇ ಆ ಚಿಲಕವನ್ನು ಕಿತ್ತುಹಾಕು.

ಅಕ್ಕ